ಗಾಲಿ ಬಿಗಿದ ಮೇಲೆ ಇನ್ನೊಮ್ಮೆ ನಿಲ್ಲಿ

ಹುಬ್ಬಳ್ಳಿ ಬಿಟ್ಟು ನವಲಗುಂದ, ನರಗುಂದ ದಾಟಿ, ಕೊಣ್ಣೂರಿನ ಬಳಿ ಮಲಪ್ರಭೆಯನ್ನು ಹಾಯ್ದು ಬಾಗಲಕೋಟೆ ಜಿಲ್ಲೆಯೊಳಗೆ ಕಾಲಿಟ್ಟರೆ ಕುಳಗೇರಿ ಕ್ರಾಸ್. ನೇರ ಹೋದವರಿಗೆ ಕೆರೂರು, ಗದ್ದನಕೇರಿ ಕ್ರಾಸ್, ಕೊಲ್ಹಾರ, ವಿಜಯಪುರ. ಬಲಕ್ಕೆ ಹೊರಳಿದವರಿಗೆ ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ. ಪಂಜಾಬಿನ ಸಂಗ್ರೂರಿನಲ್ಲಿ ಹುಟ್ಟಿ ನಮ್ಮ ಅಂಕೋಲಾದ ಕಡಲ ದಂಡೆಯಲ್ಲಿ ಮುಗಿಯುವ 52ನೇ ರಾಷ್ಟ್ರೀಯ ಹೆದ್ದಾರಿ ಊರ ನಡುವೆಯೇ ಹಾದು ಹೋಗುತ್ತದೆ. ಹಳೆಯ ಚಾಲಕರ ಬಾಯಲ್ಲಿ ಅದಿನ್ನೂ 218ನೇ ನಂಬರಿನ ರಸ್ತೆ.

ಇಂಥ ಕ್ರಾಸುಗಳಲ್ಲಿ ಊಟದ ಖಾನಾವಳಿ, ಚಹದಂಗಡಿಗಳ ಜತೆಗೆ ತಪ್ಪದೆ ಇರುವುದು ಪಂಚರ್ ಅಂಗಡಿ. ಸಿಮೆಂಟು, ಕಬ್ಬು, ಉಳ್ಳಾಗಡ್ಡಿ, ಹತ್ತಿ ಹೊತ್ತ ಲಾರಿಗಳು ಇಲ್ಲಿ ನಿಲ್ಲುತ್ತವೆ. ಬನದ ಹುಣ್ಣಿಮೆಯ ಸುತ್ತ ಬನಶಂಕರಿ ಜಾತ್ರೆಗೆ ಹೊರಟ ಟ್ರ್ಯಾಕ್ಸು, ಕ್ರೂಸರುಗಳು ನಿಲ್ಲುತ್ತವೆ. ಬಾದಾಮಿಯ ಗುಹೆ ನೋಡಲು ದೂರದ ಊರುಗಳಿಂದ ಬಂದ ಕಾರುಗಳೂ ನಿಲ್ಲುತ್ತವೆ. ಹಗಲು ರಾತ್ರಿ ಎನ್ನದೆ ಗಾಲಿ ಬಿಚ್ಚುವ, ಗಾಲಿ ಹಾಕುವ ಕೆಲಸ ಇಲ್ಲಿ ನಡೆದೇ ಇರುತ್ತದೆ. ಪಂಚರ್ ಹಾಕಿದ್ದು ಸರಿಯೋ ತಪ್ಪೋ ಎಂಬುದು ಹತ್ತು ನಿಮಿಷದಲ್ಲಿ ಹವಾ ಇಳಿದರೆ ಗೊತ್ತಾಗುತ್ತದೆ. ಗಾಲಿಯ ನಟ್ಟು ಬಿಗಿದದ್ದು ಸರಿಯೋ ತಪ್ಪೋ ಎಂಬುದು ಅಷ್ಟು ಬೇಗ ಗೊತ್ತಾಗುವುದಿಲ್ಲ. ಅದು ತಿಳಿಯುವುದು ಐವತ್ತು, ನೂರು, ಕೆಲವೊಮ್ಮೆ ಐನೂರು ಕಿಲೋಮೀಟರ್ ಆಚೆ, ಗಾಡಿ ಪೂರ್ತಿ ವೇಗದಲ್ಲಿ ಇರುವಾಗ.

ನಮ್ಮ ರಸ್ತೆಗಳ ಸುರಕ್ಷತೆಯ ಮಾತು ಬಂದಾಗ ಹೆಲ್ಮೆಟ್, ಸೀಟ್ ಬೆಲ್ಟ್, ಕುಡಿತ, ವೇಗ ಎಲ್ಲವೂ ಚರ್ಚೆಗೆ ಬರುತ್ತವೆ. ಬರಬೇಕಾದದ್ದೇ. ಗಾಲಿಯನ್ನು ಗಾಡಿಗೆ ಹಿಡಿದಿಟ್ಟಿರುವ ನಾಲ್ಕೋ ಐದೋ ಹತ್ತೋ ನಟ್ಟುಗಳ ಮಾತು ಮಾತ್ರ ಬರುವುದೇ ಇಲ್ಲ.

ಎರಡು ರೂಢಿಗಳು

ಯಾವುದೇ ಕ್ರಾಸಿನ ಪಂಚರ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕಾರಿನ ಗಾಲಿ ರಿಪೇರಿಯಾಗಿ ಬಂದಿದೆ. ಹುಡುಗ ಅದನ್ನು ಮೊಣಕಾಲಿನಿಂದ ಎತ್ತಿ, ನಟ್ಟು ಕೂರುವ ಸ್ಟಡ್ಡುಗಳಿಗೆ ಸೇರಿಸುತ್ತಾನೆ. ನೆಲದ ಮೇಲೆ, ಮಣ್ಣಿನಲ್ಲಿ ಬಿದ್ದಿದ್ದ ನಟ್ಟುಗಳನ್ನು ಅಂಗಿಗೆ ಒರೆಸಿ ಎರಡು ಸುತ್ತು ಕೈಯಿಂದ ತಿರುವುತ್ತಾನೆ. ಆಮೇಲೆ ಹವಾದ ಗನ್ ತೆಗೆದುಕೊಂಡು, ಒಂದಾದ ಮೇಲೊಂದರಂತೆ ಸಾಲಾಗಿ, ಗನ್ ಅಳ್ಳಾಡಿ ನಿಲ್ಲುವವರೆಗೆ ಬಿಗಿಯುತ್ತಾನೆ. ಅರ್ಧ ನಿಮಿಷದಲ್ಲಿ ಕೆಲಸ ಮುಗಿದುಹೋಗುತ್ತದೆ.

ಗನ್ ಇಲ್ಲದ ಅಂಗಡಿಯಲ್ಲಿ ರೂಢಿ ಬೇರೆ. ಪಾನಾ ನಟ್ಟಿಗೆ ಸಿಕ್ಕಿಸಿ, ಅದರ ತುದಿಗೆ ಪೈಪು ತೊಡಿಸಿ, ಪೈಪಿನ ಮೇಲೆ ಕಾಲಿಟ್ಟು ಮೈಭಾರ ಬಿಡುತ್ತಾರೆ. ಪಕ್ಕದಲ್ಲಿ ನಿಂತ ಚಾಲಕನಿಗೂ ಅದೇ ಬೇಕು.

"ಇನ್ನೊಂದೀಟು ಬಿಗೀಪಾ ತಮ್ಮಾ, ದೂರ ಹೋಗೋದೈತಿ."

"ಸಾಕ್ರಿ ಅಣ್ಣಾರ, ಇದಕ್ಕಿಂತ ಬಿಗದ್ರ ಸ್ಟಡ್ ಕಡಿತೈತಿ."

ಆ ಹುಡುಗನ ಮಾತಿನಲ್ಲಿ ಅನುಭವದ ಸತ್ಯ ಇದೆ. ಎಷ್ಟು ಬಿಗಿದರೆ ಸಾಕು, ಎಲ್ಲಿಗೆ ಹೆಚ್ಚಾಯಿತು ಎಂದು ತಿಳಿಯಲು ಅವನ ಕೈಯಲ್ಲಿ ಅಳತೆಗೋಲು ಇಲ್ಲ, ಅಷ್ಟೇ. ಹವಾ ಹೊಡೆಯುವಾಗ ಮೀಟರ್ ನೋಡುತ್ತೇವೆ. ಡೀಸೆಲ್ ಹಾಕಿಸುವಾಗ ಸೊನ್ನೆಯಿಂದ ನೋಡುತ್ತೇವೆ. ಜೀವ ನಿಂತಿರುವ ನಟ್ಟನ್ನು ಮಾತ್ರ ಅಂದಾಜಿಗೆ ಬಿಟ್ಟಿದ್ದೇವೆ.

ಕೂದಲಿಗಿಂತ ಸಣ್ಣ ಹಿಗ್ಗು

ಗಾಡಿಯ ಭಾರವನ್ನು ಬೋಲ್ಟುಗಳು ಹೊತ್ತಿವೆ ಎಂದೇ ಬಹಳ ಮಂದಿಯ ನಂಬಿಕೆ. ಎತ್ತಿನ ಬಂಡಿಯ ಕಾಲದಿಂದ ಬಂದ ತಿಳಿವಳಿಕೆ ಇದು. ಬಂಡಿಯ ಅಚ್ಚಿನ ತುದಿಗೆ ಚುಚ್ಚಿದ ಕಡಗೀಲು ಗಾಲಿ ಹೊರಗೆ ಜಾರದಂತೆ ಅಡ್ಡ ನಿಲ್ಲುತ್ತದೆ. ಕಡಗೀಲು ಇದೆಯೋ ಇಲ್ಲವೋ ಎಂದಷ್ಟೇ ನೋಡಿದರೆ ಸಾಕು. ಮೋಟಾರು ಗಾಡಿಯ ನಟ್ಟಿನ ಕೆಲಸ ಹಾಗಲ್ಲ. ಅದು ಜಾಗದಲ್ಲಿ ಇದ್ದರೆ ಮಾತ್ರ ಸಾಲದು, ತಕ್ಕ ಬಿಗಿಯಲ್ಲಿಯೂ ಇರಬೇಕು.

ನಟ್ಟು ತಿರುಗುತ್ತ ಹೋದಂತೆ ಉಕ್ಕಿನ ಸ್ಟಡ್ ಉದ್ದಕ್ಕೆ ಹಿಗ್ಗುತ್ತದೆ. ಹಿಗ್ಗಿದ ಉಕ್ಕು ತನ್ನ ಮೊದಲಿನ ಉದ್ದಕ್ಕೆ ಮರಳಲು ಸ್ಪ್ರಿಂಗಿನ ಹಾಗೆ ಎಳೆಯುತ್ತಿರುತ್ತದೆ. ಆ ಎಳೆತವೇ ಗಾಲಿಯ ಡಿಸ್ಕನ್ನು, ಅದು ಕೂರುವ ಹಬ್ಬಿನ ಮುಖಕ್ಕೆ ಅವುಚಿ ಹಿಡಿಯುವುದು. ಗಾಡಿಯ ಭಾರ, ಬ್ರೇಕಿನ ಹೊಡೆತ, ತಿರುವಿನ ಸೆಳೆತ ಇವನ್ನೆಲ್ಲ ತಾಳುವುದು ಹೀಗೆ ಒತ್ತಿಕೊಂಡ ಎರಡು ಲೋಹದ ಮುಖಗಳ ನಡುವಿನ ಘರ್ಷಣೆ. ಒತ್ತು ಇರುವವರೆಗೆ ಡಿಸ್ಕ್ ಮತ್ತು ಹಬ್ ಒಂದೇ ತುಂಡಿನಂತೆ ತಿರುಗುತ್ತವೆ. ಒತ್ತು ಸಡಿಲವಾದರೆ ಡಿಸ್ಕ್ ಹಬ್ಬಿನ ಮೇಲೆ ಒಂದಿಷ್ಟು ಆಚೀಚೆ ಸರಿಯತೊಡಗುತ್ತದೆ. ಆಗ ಸ್ಟಡ್ಡಿನ ಮೇಲೆ ಅಡ್ಡ ಹೊಡೆತ ಬೀಳುತ್ತದೆ. ಹೀಗೆ ಅಡ್ಡಡ್ಡ ಅಲುಗುವ ಜೋಡಣೆಯಲ್ಲಿ ಬಿಗಿದ ನಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ನಟ್ಟು ಸಡಿಲವಾಗುವುದನ್ನು ಪರೀಕ್ಷಿಸುವ ಯಂತ್ರಕ್ಕೆ ಇವತ್ತಿಗೂ ಅವರದೇ ಹೆಸರು.

ಲೆಕ್ಕ ಹಾಕಿದರೆ ಈ ಬಲ ಎಷ್ಟೆಂದು ತಿಳಿಯುತ್ತದೆ. ನಮ್ಮ ಸಾಮಾನ್ಯ ಕಾರುಗಳ ಸ್ಟಡ್ 12 ಮಿಲಿಮೀಟರ್ ದಪ್ಪ. ಶುದ್ಧವಾದ, ಒಣಗಿದ ಥ್ರೆಡ್ಡಿನ ಮೇಲೆ ನಟ್ಟನ್ನು 110 ನ್ಯೂಟನ್ ಮೀಟರಿಗೆ (ತಿರುಗಿಸುವ ಬಲದ ಅಳತೆ ಇದು) ಬಿಗಿದರೆ ಒಂದೊಂದು ಸ್ಟಡ್ಡಿನಲ್ಲಿ ಸುಮಾರು ನಾಲ್ಕೂವರೆ ಟನ್ನಿನ ಎಳೆತ ಹುಟ್ಟುತ್ತದೆ. ನಾಲ್ಕು ನಟ್ಟು ಸೇರಿ ಹದಿನೆಂಟು ಟನ್. ಜನ ತುಂಬಿದ ಸಣ್ಣ ಕಾರಿನ ಒಂದು ಗಾಲಿಯ ಮೇಲೆ ನಿಂತ ಭಾರ ಮುನ್ನೂರು, ಮುನ್ನೂರೈವತ್ತು ಕಿಲೋ. ಗುಂಡಿಗೆ ಬಿದ್ದಾಗ, ಜೋರಾಗಿ ಬ್ರೇಕ್ ಒತ್ತಿದಾಗ ಅದು ಹಲವು ಪಟ್ಟು ಏರುತ್ತದೆ. ಅದಕ್ಕಾಗಿಯೇ ಇಷ್ಟು ದೊಡ್ಡ ಒತ್ತನ್ನು ಕಾದಿರಿಸಿರುತ್ತಾರೆ.

ಅಷ್ಟು ಎಳೆತ ಕೊಡಲು ಸ್ಟಡ್ ಎಷ್ಟು ಹಿಗ್ಗುತ್ತದೆ ಎಂಬುದು ಈ ವಿಷಯದ ತಿರುಳು. ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗವೂ ಇಲ್ಲ. ತಲೆಗೂದಲು ಅದಕ್ಕಿಂತ ದಪ್ಪ ಇರುತ್ತದೆ. ಹಬ್ಬಿನ ಮುಖದ ಮೇಲೆ ಒಂದು ಪದರ ಪೇಂಟು, ತುಕ್ಕಿನ ಪೊರೆ, ಒಣಗಿದ ಎರೆಮಣ್ಣು ಇದ್ದರೆ, ನಾಲ್ಕಾರು ಕಿಲೋಮೀಟರ್ ಓಡಿದ ಮೇಲೆ ಅದು ಪುಡಿಯಾಗಿ ಉದುರುತ್ತದೆ. ಉದುರಿದ ಜಾಗ ಕೂದಲಿನಷ್ಟಾದರೂ ಸಾಕು, ಸ್ಟಡ್ ತನ್ನ ಹಿಗ್ಗನ್ನೆಲ್ಲ ಕಳೆದುಕೊಂಡು ಎಳೆಯುವುದನ್ನೇ ನಿಲ್ಲಿಸುತ್ತದೆ. ಬಿಗಿಯುವಾಗ ಕಲ್ಲಿನಂತೆ ಗಟ್ಟಿಯಾಗಿದ್ದ ನಟ್ಟು ಆಗ ಸಡಿಲವಾಗಿರುತ್ತದೆ. ನವಲಗುಂದ, ನರಗುಂದದ ಕರಿಮಣ್ಣು ಮೆತ್ತಿದ ಹಬ್ ನೋಡಿದವರಿಗೆ ಈ ಮಾತಿನ ತೂಕ ಗೊತ್ತಾದೀತು. ಮಳೆಗಾಲದಲ್ಲಿ ಹೊಲದ ದಾರಿ ತುಳಿದು ಬಂದ ಗಾಡಿಯಲ್ಲಿ ಆ ಮಣ್ಣು ಸ್ಟಡ್ಡಿನ ಬುಡದವರೆಗೂ ಹೊಕ್ಕು ಕೂತಿರುತ್ತದೆ.

ಆದ್ದರಿಂದ ಗಾಲಿ ಕೂರಿಸುವ ಮೊದಲು ತಂತಿ ಬ್ರಶ್ಶಿನಿಂದ ಹಬ್ಬಿನ ಮುಖ, ಡಿಸ್ಕಿನ ಹಿಂಬದಿ, ನಟ್ಟು ಕೂರುವ ಗುಂಡಿ ಮೂರನ್ನೂ ತಿಕ್ಕಿ ಲೋಹ ಕಾಣುವಂತೆ ಮಾಡಬೇಕು. ಒಂದು ಗಾಲಿಗೆ ಎರಡು ನಿಮಿಷದ ಕೆಲಸ. ಬಿಗಿಯುವುದು ಶುರುವಾಗುವುದೇ ಇಲ್ಲಿಂದ.

ಹೆಚ್ಚು ಬಿಗಿದರೂ ಕೇಡು

ಕಾರಿನ ಜತೆ ಬರುವ ಪಾನಾದ ಉದ್ದ ಸುಮಾರು 25 ಸೆಂಟಿಮೀಟರ್. ಅದರ ತುದಿಯಲ್ಲಿ ಕೈಯಿಂದ 45 ಕಿಲೋದಷ್ಟು ಬಲ ಹಾಕಿದರೆ 110 ನ್ಯೂಟನ್ ಮೀಟರ್ ಆಗುತ್ತದೆ. ಗಟ್ಟಿಮುಟ್ಟಾದ ಮನುಷ್ಯ ನೆಲದ ಮೇಲೆ ಸರಿಯಾಗಿ ಕಾಲೂರಿ ಒತ್ತಿದರೆ ಅಷ್ಟು ಬರುತ್ತದೆ. ತಯಾರಕರು ಆ ಉದ್ದ ಇಟ್ಟಿರುವುದೂ ಅದಕ್ಕೇ. ಎಪ್ಪತ್ತು ಕಿಲೋದ ಮನುಷ್ಯ ಅದೇ ಪಾನಾದ ತುದಿಯ ಮೇಲೆ ನಿಂತರೆ 170 ದಾಟುತ್ತದೆ. ಅರವತ್ತು ಸೆಂಟಿಮೀಟರಿನ ಪೈಪು ತೊಡಿಸಿ ನಿಂತರೆ 410. ಬೇಕಾದ ಬಿಗಿಯ ಸುಮಾರು ನಾಲ್ಕು ಪಟ್ಟು!

ಉಕ್ಕಿನ ದರ್ಜೆಗೆ ತಕ್ಕಂತೆ 12 ಮಿಲಿಮೀಟರಿನ ಸ್ಟಡ್ ಆರರಿಂದ ಎಂಟು ಟನ್ ಎಳೆತದವರೆಗೆ ತಾಳಿಕೊಂಡೀತು. ಅಲ್ಲಿಂದ ಮುಂದೆ ಹಿಗ್ಗಿದ್ದು ಹಿಗ್ಗಿದ ಹಾಗೆಯೇ ಉಳಿಯುತ್ತದೆ, ಮರಳಿ ಎಳೆಯುವುದಿಲ್ಲ. ಹಾಗೆ ಸೋತ ಸ್ಟಡ್ ಹೊರಗಿನಿಂದ ನೋಡಲು ಚೆನ್ನಾಗಿಯೇ ಕಾಣುತ್ತದೆ. ಮುಂದಿನ ಸಲ ಪಂಚರ್ ಆದಾಗ ಕಡಿದು ಕೈಗೆ ಬರುತ್ತದೆ, ಇಲ್ಲವೇ ನಡುದಾರಿಯಲ್ಲಿ ಕಡಿಯುತ್ತದೆ. ಅಲಾಯ್ ಗಾಲಿಯಾಗಿದ್ದರೆ ನಟ್ಟು ಕೂರುವ ಗುಂಡಿಯೇ ಚಪ್ಪಟೆಯಾಗುತ್ತದೆ. ಬ್ರೇಕ್ ಡಿಸ್ಕ್ ಸೊಟ್ಟಾಗಿ ಸ್ಟೇರಿಂಗ್ ನಡುಗತೊಡಗುತ್ತದೆ. ಇನ್ನೊಂದು ತೊಂದರೆ ಮನೆಮಂದಿಯದು. ಗನ್ನಿನಿಂದ ಬಿಗಿದ ನಟ್ಟನ್ನು ರಾತ್ರಿ ಹೊತ್ತು, ಅಂಗಡಿಗಳಿಲ್ಲದ ಜಾಗದಲ್ಲಿ, ಕಾರಿನ ಪಾನಾದಿಂದ ಬಿಚ್ಚಲು ಯಾರಿಂದಲೂ ಆಗುವುದಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಇದ್ದೂ ಇಲ್ಲದಂತೆ.

ಎಣ್ಣೆ ಹಚ್ಚುವ ರೂಢಿಯೂ ಹೀಗೆಯೇ ಕಾಡುತ್ತದೆ. ತುಕ್ಕು ಹಿಡಿಯಬಾರದೆಂದು ಸ್ಟಡ್ಡಿಗೆ ಗ್ರೀಸ್ ಬಳಿಯುವವರು ಬಹಳ. ಪಾನಾಕ್ಕೆ ಹಾಕಿದ ಬಲದಲ್ಲಿ ಸುಮಾರು ಶೇ 90ರಷ್ಟು ನಟ್ಟಿನ ಮುಖದ ಮತ್ತು ಥ್ರೆಡ್ಡಿನ ತಿಕ್ಕಾಟಕ್ಕೇ ಹೋಗುತ್ತದೆ. ಸ್ಟಡ್ಡನ್ನು ಎಳೆಯಲು ಉಳಿಯುವುದು ಹತ್ತನೇ ಒಂದು ಪಾಲು ಮಾತ್ರ. ಗ್ರೀಸ್ ಆ ತಿಕ್ಕಾಟವನ್ನು ಕಡಿಮೆ ಮಾಡಿದರೆ ಅದೇ ಬಿಗಿಗೆ ಸ್ಟಡ್ಡಿನ ಎಳೆತ ಮಿತಿ ಮೀರುತ್ತದೆ. ಕಾರು ತಯಾರಕರ ಬಹುತೇಕ ಅಳತೆಗಳು ಒಣ ಥ್ರೆಡ್ಡಿಗೆ ಹೇಳಿದವು. ಎಣ್ಣೆ ಹಚ್ಚಿ ಎಂದು ಕೈಪಿಡಿಯಲ್ಲಿ ಬರೆದಿದ್ದರೆ ಹಚ್ಚಬೇಕು, ಇಲ್ಲದಿದ್ದರೆ ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ನಟ್ಟಿನ ಬಾಯಿಯ ಆಕಾರವನ್ನೂ ಗಮನಿಸಬೇಕು. ಹೆಚ್ಚಿನ ಕಾರುಗಳಲ್ಲಿ ಅದು ಆಲಿಕೆಯಂತೆ ಇಳಿಜಾರು. ಹೋಂಡಾ ಕಾರುಗಳಲ್ಲಿ ಗುಂಡನೆಯದು. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ನಟ್ಟೇ ಇಲ್ಲ, ಗುಂಡು ಬುಡದ ಬೋಲ್ಟನ್ನು ನೇರ ಹಬ್ಬಿಗೆ ತಿರುಗಿಸುತ್ತಾರೆ. ಲಾರಿಗಳದು ವಾಷರ್ ಇರುವ ಚಪ್ಪಟೆ ನಟ್ಟು. ಕಳೆದುಹೋದ ನಟ್ಟಿನ ಬದಲಿಗೆ ಡಬ್ಬಿಯಲ್ಲಿ ಸಿಕ್ಕ, ಥ್ರೆಡ್ ಹೊಂದುವ ಇನ್ನೊಂದು ನಟ್ಟನ್ನು ಹಾಕಿದರೆ ಅದು ಗೆರೆಯಷ್ಟು ಜಾಗಕ್ಕೆ ಮಾತ್ರ ತಾಗಿ ಕೂರುತ್ತದೆ. ಎಷ್ಟು ಬಿಗಿದರೂ ಅದು ಸುಳ್ಳು ಬಿಗಿ. ಇಳಿಜಾರು ನಟ್ಟನ್ನು ತಿರುವು ಮುರುವಾಗಿ, ಚಪ್ಪಟೆ ಮುಖ ಒಳಗೆ ಮಾಡಿ ಹಾಕಿದರೂ ಅಷ್ಟೇ.

ಹಿಮದ ನಾಡಿನ ಪಾಠ

ಗಾಲಿ ಬಿಗಿಯುವ ವಿಷಯದಲ್ಲಿ ಅತಿ ಹೆಚ್ಚು ಪಾಠ ಕಲಿತವರು ಹಿಮ ಬೀಳುವ ದೇಶದವರು. ಚಳಿ ಏಳು ಡಿಗ್ರಿಗಿಂತ ಕೆಳಗೆ ಇಳಿದರೆ ಸಾಮಾನ್ಯ ಟೈರಿನ ರಬ್ಬರು ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಅದಕ್ಕಾಗಿ ಅಲ್ಲಿ ಚಳಿಗಾಲಕ್ಕೊಂದು, ಬೇಸಿಗೆಗೊಂದು ಟೈರಿನ ಜೋಡಿ. ಜರ್ಮನಿಯಲ್ಲಿ ಅಕ್ಟೋಬರಿನಿಂದ ಈಸ್ಟರ್ ಹಬ್ಬದವರೆಗೆ ಚಳಿಗಾಲದ ಟೈರು ಎಂಬ ರೂಢಿ ಇದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಾನೂನು. ಆ ದೇಶಗಳಲ್ಲಿ ನೆಲೆಸಿರುವ ನಮ್ಮ ಕನ್ನಡದ ಕುಟುಂಬಗಳೂ ವರ್ಷಕ್ಕೆ ಎರಡು ಸಲ ನಾಲ್ಕೂ ಗಾಲಿ ಬಿಚ್ಚಿ ಹಾಕಲೇಬೇಕು. ಊರಲ್ಲಿ ಒಮ್ಮೆಯೂ ಪಾನಾ ಹಿಡಿಯದ ಹುಡುಗರು, ಹುಡುಗಿಯರು ಅಲ್ಲಿ ಮನೆ ಮುಂದೆ, ಬಿಗಿಯನ್ನು ಅಳೆದು ಬಿಗಿಯುವ ಟಾರ್ಕ್ ರೆಂಚ್ ಹಿಡಿದು ಕೂರುತ್ತಾರೆ. ಗ್ಯಾರೇಜಿನಲ್ಲಿ ಮಾಡಿಸಿದರೂ ಐವತ್ತು ಕಿಲೋಮೀಟರ್ ಓಡಿಸಿ ಬಂದು ಮತ್ತೊಮ್ಮೆ ಬಿಗಿ ನೋಡಿಸಿಕೊಳ್ಳಿ ಎಂದು ಹೇಳಿ ಕಳಿಸುವುದು ಅಲ್ಲಿಯ ಪದ್ಧತಿ.

ಜಪಾನಿನ ಕಥೆ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿಯೂ ಗಾಡಿ ಎಡಕ್ಕೇ ಓಡುತ್ತದೆ. ದೊಡ್ಡ ಲಾರಿ, ಬಸ್ಸುಗಳ ಗಾಲಿ ಕಳಚಿದ ಪ್ರಕರಣಗಳ ಲೆಕ್ಕವನ್ನು ಅಲ್ಲಿಯ ಸಾರಿಗೆ ಸಚಿವಾಲಯ ವರ್ಷವರ್ಷವೂ ಪ್ರಕಟಿಸುತ್ತದೆ. 2011ರ ಆರ್ಥಿಕ ವರ್ಷದಲ್ಲಿ ಅಂಥವು 11 ಇದ್ದವು. 2022ರಲ್ಲಿ 140. ಚಳಿಗಾಲದ ಟೈರು ಹಾಕಿದ ಒಂದೆರಡು ತಿಂಗಳಲ್ಲೇ, ಹಿಮ ಹೆಚ್ಚು ಬೀಳುವ ಉತ್ತರದ ಪ್ರಾಂತ್ಯಗಳಲ್ಲೇ ಹೆಚ್ಚು. ಕಳಚಿದ ಗಾಲಿಗಳಲ್ಲಿ ಬಹುಪಾಲು ಒಂದೇ ಜಾಗದವು: ಎಡಬದಿಯ ಹಿಂಗಾಲಿ.

ಎಡ ಹಿಂಗಾಲಿಯೇ ಏಕೆ ಎಂಬುದಕ್ಕೆ ಹಲವು ಕಾರಣಗಳನ್ನು ಅಲ್ಲಿಯವರು ಕಂಡಿದ್ದಾರೆ. ಮಳೆನೀರು ಹರಿಯಲೆಂದು ರಸ್ತೆಯ ಅಂಚು ಎಡಕ್ಕೆ ಇಳಿಜಾರಾಗಿರುತ್ತದೆ, ಭಾರ ಆ ಕಡೆಗೆ ವಾಲುತ್ತದೆ. ಬಲಕ್ಕೆ ಹೊರಳುವಾಗ ಗಾಡಿ ವೇಗದಲ್ಲಿದ್ದು ಎಡಗಾಲಿಯ ಮೇಲೆ ಒತ್ತು ಬೀಳುತ್ತದೆ. ಎಡಕ್ಕೆ ಬಿಗಿಯಾಗಿ ಹೊರಳುವಾಗ ಎಡ ಹಿಂಗಾಲಿ ಇದ್ದಲ್ಲೇ ತಿರುಚಿಕೊಳ್ಳುತ್ತದೆ. ಇನ್ನೊಂದು ಕಾರಣ ಥ್ರೆಡ್ಡಿನದು. ಮೊದಲು ಜಪಾನಿನ ಲಾರಿಗಳಲ್ಲಿ ಎಡಬದಿಯ ನಟ್ಟುಗಳಿಗೆ ಉಲ್ಟಾ ಥ್ರೆಡ್ ಇರುತ್ತಿತ್ತು, ಗಾಲಿ ತಿರುಗಿದಂತೆ ನಟ್ಟು ಬಿಗಿಯುವ ಕಡೆಗೇ ಸೆಳೆತ. ಅಂತರರಾಷ್ಟ್ರೀಯ ಅಳತೆಗೆ ಹೊಂದಿಕೊಂಡ ಮೇಲೆ ಎರಡೂ ಬದಿಗೆ ಒಂದೇ ನೇರ ಥ್ರೆಡ್ ಬಂತು. ಹೊಸ ಪದ್ಧತಿಯ ನಟ್ಟು ಶುದ್ಧತೆಯನ್ನು, ಸರಿಯಾದ ಬಿಗಿಯನ್ನು, ಮರುಬಿಗಿಯನ್ನು ಹೆಚ್ಚು ಬೇಡುತ್ತದೆ. ಟೈರು ಬದಲಿಸಿದ ಮೇಲೆ 50ರಿಂದ 100 ಕಿಲೋಮೀಟರ್ ಒಳಗೆ ಮತ್ತೊಮ್ಮೆ ಬಿಗಿಯಿರಿ ಎಂದು ಜಪಾನ್ ಸರಕಾರ ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಕೆನಡಾದ ಒಂಟಾರಿಯೊ ಪ್ರಾಂತ್ಯ ಇನ್ನೂ ಕಟುವಾಯಿತು. 1995ರ ಸುಮಾರಿಗೆ ಅಲ್ಲಿ ಲಾರಿಯಿಂದ ಹಾರಿ ಬಂದ ಗಾಲಿ ಬಡಿದು ಎದುರಿನ ಕಾರುಗಳಲ್ಲಿದ್ದವರು ಸತ್ತಾಗ ಜನರ ಸಿಟ್ಟು ಕಟ್ಟೆಯೊಡೆಯಿತು. 1997ರಲ್ಲಿ ಬಂದ ಕಾನೂನಿನ ಪ್ರಕಾರ ವಾಣಿಜ್ಯ ವಾಹನದ ಗಾಲಿ ಕಳಚಿದರೆ ಮಾಲೀಕನಿಗೆ ಐವತ್ತು ಸಾವಿರ ಡಾಲರಿನವರೆಗೆ ದಂಡ. ನಾನು ಎಚ್ಚರ ವಹಿಸಿದ್ದೆ ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ. ಸರಿಯಾಗಿ ಬಿಗಿದು, ಮತ್ತೆ ನೋಡಿದ ಗಾಲಿ ಕಳಚುವುದಿಲ್ಲ ಎಂಬುದೇ ಆ ಕಾನೂನಿನ ನಿಲುವು.

ನಮ್ಮ ರಸ್ತೆ, ನಮ್ಮ ಭಾರ

ಬಾಗಲಕೋಟೆ ಜಿಲ್ಲೆಯಲ್ಲಿ ಹಿಮ ಬೀಳುವುದಿಲ್ಲ. ಚಳಿಗಾಲದ ಟೈರಿನ ಗೊಡವೆ ನಮಗಿಲ್ಲ. ಆದರೆ ಗಾಲಿ ಬಿಚ್ಚಿ ಹಾಕುವ ಹಂಗಾಮು ನಮ್ಮಲ್ಲೂ ಇದೆ. ಮುಧೋಳ, ಜಮಖಂಡಿ ಸೀಮೆಯಲ್ಲಿ ಕಬ್ಬು ನುರಿಸುವ ತಿಂಗಳುಗಳು ಶುರುವಾಗುವ ಮುಂಚೆ ಟ್ರ್ಯಾಕ್ಟರಿನ ಟ್ರೇಲರುಗಳಿಗೆ ಟೈರು ಹಾಕಿಸುತ್ತಾರೆ. ಜಾತ್ರೆ, ಮದುವೆಯ ಹಂಗಾಮಿಗೆ ಬಾಡಿಗೆ ಗಾಡಿಗಳಿಗೆ ಹಾಕಿಸುತ್ತಾರೆ. ಮಳೆಗಾಲ ಬಂತೆಂದರೆ ಸವೆದ ಟೈರು ತೆಗೆಯುತ್ತಾರೆ. ಇಳಕಲ್ಲಿನ ಕೆಂಪು ಗ್ರಾನೈಟಿನ ಬಂಡೆ ಹೊರುವ ಲಾರಿಗೆ ಟೈರು ಬದಲಿಸಲು ಇಂಥದೇ ಕಾಲ ಎಂದಿಲ್ಲ.

ಭಾರದ ಗಾಡಿಗಳಲ್ಲಿ ಸಮಸ್ಯೆ ಬೇರೆಯೇ ಪ್ರಮಾಣದ್ದು. ಹತ್ತು ಸ್ಟಡ್ಡಿನ ಲಾರಿಗಾಲಿಯ ನಟ್ಟಿಗೆ ಸುಮಾರು 600 ನ್ಯೂಟನ್ ಮೀಟರ್ ಬಿಗಿ ಬೇಕು. ಒಂದು ಮೀಟರ್ ಉದ್ದದ ಟಾಮಿಯ ತುದಿಗೆ ಅರವತ್ತು ಕಿಲೋ ತೂಗಿದಷ್ಟು. ಹಿಂಬದಿಯ ಜೋಡಿ ಗಾಲಿಯಲ್ಲಿ ಎರಡು ಡಿಸ್ಕುಗಳನ್ನು ಒಂದೇ ಸಾಲಿನ ಸ್ಟಡ್ಡುಗಳು ಹಿಡಿದಿರುತ್ತವೆ. ಹಬ್ಬಿಗೂ ಒಳಡಿಸ್ಕಿಗೂ ನಡುವೆ, ಒಳಡಿಸ್ಕಿಗೂ ಹೊರಡಿಸ್ಕಿಗೂ ನಡುವೆ, ಹೊರಡಿಸ್ಕಿಗೂ ನಟ್ಟಿಗೂ ನಡುವೆ, ಹೀಗೆ ಮೂರು ಕಡೆ ಮಣ್ಣು, ತುಕ್ಕು, ಪೇಂಟು ಕೂರಲು ಜಾಗ. ಹಬ್ಬಕ್ಕೆ ಗಾಡಿ ಸಿಂಗರಿಸುವಾಗ ಡಿಸ್ಕಿಗೆ ಬಳಿದ ಹೊಸ ಪೇಂಟು ನೋಡಲು ಚೆಂದ, ನಟ್ಟಿನ ಬುಡದಲ್ಲಿ ಮಾತ್ರ ಅಪಾಯ. ಆ ಜಾಗವನ್ನು ಬಿಟ್ಟು ಬಳಿಯಬೇಕು. 2018ರ ಜುಲೈನಲ್ಲಿ ಕೇಂದ್ರ ಸರಕಾರ ಲಾರಿಗಳ ಅಚ್ಚಿನ ಮೇಲಿನ ಭಾರದ ಮಿತಿಯನ್ನು ಶೇ 20ರಿಂದ 25ರಷ್ಟು ಏರಿಸಿತು. ಕಬ್ಬಿನ ಟ್ರೇಲರುಗಳ ಮೇಲೆ ಬೀಳುವ ಹೇರು ಯಾವ ಮಿತಿಯನ್ನೂ ಕೇಳುವುದಿಲ್ಲ. ಹೇರು ಹೆಚ್ಚಿದಂತೆ ನಟ್ಟಿನ ಮೇಲಿನ ಕಾಳಜಿಯೂ ಹೆಚ್ಚಬೇಕಿತ್ತು. ನಡೆಯುತ್ತಿರುವುದು ಬೇರೆ. ಆರು ಸ್ಟಡ್ಡಿನಲ್ಲಿ ಎರಡು ಕಡಿದು ನಾಲ್ಕೇ ನಟ್ಟಿನಲ್ಲಿ ಓಡುವ ಟ್ರೇಲರು ನಮ್ಮ ಕಣ್ಣಿಗೆ ಒಗ್ಗಿಹೋಗಿದೆ. ಆ ಗಾಲಿ ಕಳಚಿದರೆ ಅದರ ಹಾದಿಯಲ್ಲಿ ಸಿಗುವವರು ಬೈಕಿನ ಮೇಲೆ ಹೊರಟ ಗಂಡಹೆಂಡಿರು, ರಸ್ತೆಯಂಚಿನಲ್ಲಿ ಬಸ್ಸಿಗೆ ನಿಂತ ಶಾಲೆಯ ಮಕ್ಕಳು.

ಮಾಡಬೇಕಾದದ್ದು

ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎದುರು ಗಾಲಿಗೆ ಕಲ್ಲು ಕೊಡಿ. ಜಾಕ್ ಏರಿಸುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಗಾಲಿ ತೆಗೆದ ಮೇಲೆ ತಂತಿ ಬ್ರಶ್ಶಿನ ಕೆಲಸ. ಗಾಲಿ ಕೂರಿಸಿ ಪ್ರತಿ ನಟ್ಟನ್ನೂ ಕೈಯಿಂದಲೇ ಪೂರ್ತಿ ಒಳಗೆ ತಿರುಗಿಸಿ. ಕೈಗೆ ತಿರುಗದೆ ಅಡ್ಡ ಹಿಡಿದರೆ ಥ್ರೆಡ್ ಅಡ್ಡ ಸೇರಿದೆ ಎಂದು ಅರ್ಥ. ಗನ್ನಿನಿಂದ ಶುರು ಮಾಡಿದರೆ ಇದು ತಿಳಿಯುವುದೇ ಇಲ್ಲ. ಆಮೇಲೆ ಎದುರುಬದುರಾಗಿ ಮೆಲ್ಲಗೆ ಬಿಗಿದು ಗಾಲಿ ನೆಟ್ಟಗೆ ಕೂರುವಂತೆ ಮಾಡಿ. ಜಾಕ್ ಇಳಿಸಿ ಗಾಲಿ ನೆಲ ಮುಟ್ಟಿದ ಮೇಲೆ ಮೊದಲು ಅರ್ಧ ಬಿಗಿ, ನಂತರ ಪೂರ್ತಿ ಬಿಗಿ. ನಾಲ್ಕು ನಟ್ಟಿದ್ದರೆ ಅಡ್ಡಡ್ಡ, ಐದಿದ್ದರೆ ಒಂದು ಬಿಟ್ಟು ಒಂದು ನಕ್ಷತ್ರ ಬರೆದಂತೆ, ಹತ್ತಿದ್ದರೆ ಎದುರೆದುರು. ಸಾಲಾಗಿ ಬಿಗಿದರೆ ಡಿಸ್ಕ್ ಒಂದು ಕಡೆ ವಾಲಿ ಕೂರುತ್ತದೆ, ಕೊನೆಯ ನಟ್ಟು ಗಟ್ಟಿಯಾದಂತೆ ಮೊದಲಿನದು ಸಡಿಲವಾಗುತ್ತದೆ.

ಪೂರ್ತಿ ಬಿಗಿ ಎಷ್ಟು ಎಂಬುದು ಪ್ರತಿ ಗಾಡಿಯ ಕೈಪಿಡಿಯಲ್ಲಿ ಇರುತ್ತದೆ. ಸಣ್ಣ ಕಾರುಗಳಿಗೆ 85ರಿಂದ 110, ಟೊಯೋಟಾದ ಬಹುತೇಕ ಕಾರುಗಳಿಗೆ 103, ಹುಂಡೈ, ಕಿಯಾಗಳಿಗೆ 107ರಿಂದ 127, ಫೋಕ್ಸ್‌ವ್ಯಾಗನ್, ಸ್ಕೋಡಾಗಳಿಗೆ 120 ನ್ಯೂಟನ್ ಮೀಟರಿನ ಆಸುಪಾಸು. ಟಾರ್ಕ್ ರೆಂಚಿನ ಹಿಡಿಕೆಯನ್ನು ಆ ಅಂಕಿಗೆ ತಿರುಗಿಸಿ ಇಟ್ಟರೆ, ಬಿಗಿ ತಲುಪಿದ ಕ್ಷಣ ಅದು ಟಕ್ ಎನ್ನುತ್ತದೆ. ಅಲ್ಲಿಗೆ ನಿಲ್ಲಬೇಕು. ಖಾತ್ರಿಗೆಂದು ಎರಡು ಮೂರು ಸಲ ಟಕ್ ಅನ್ನಿಸಿದರೆ ಬಿಗಿ ಮಿತಿ ಮೀರುತ್ತದೆ. ಆ ರೆಂಚಿನಿಂದ ನಟ್ಟು ಬಿಚ್ಚಬಾರದು. ಕೆಲಸ ಮುಗಿದ ಮೇಲೆ ಅದನ್ನು ಕೆಳಗಿನ ಅಂಕಿಗೆ ತಿರುಗಿಸಿ ಇಡಬೇಕು. ಅಂಗಡಿಯವರು ವರ್ಷಕ್ಕೊಮ್ಮೆ, ಇಲ್ಲವೇ ಐದು ಸಾವಿರ ಸಲ ಬಳಸಿದ ಮೇಲೆ ಅದರ ಅಳತೆ ಪರೀಕ್ಷೆ ಮಾಡಿಸಬೇಕು.

ಇಷ್ಟೆಲ್ಲ ಆದ ಮೇಲೂ ಉಳಿಯುವ ಒಂದು ಕೆಲಸ ಮರುಬಿಗಿ. ಎಷ್ಟು ತಿಕ್ಕಿದರೂ ಲೋಹದ ಮುಖಗಳು ಓಡುತ್ತ ಓಡುತ್ತ ಒಂದಕ್ಕೊಂದು ಹೊಂದಿ ಕೂರುತ್ತವೆ, ಕೂದಲಿನ ಲೆಕ್ಕದಲ್ಲಿ ಜಾಗ ಬಿಡುತ್ತವೆ. ಅದಕ್ಕಾಗಿ ಐವತ್ತರಿಂದ ನೂರು ಕಿಲೋಮೀಟರಿನೊಳಗೆ ಮತ್ತೊಮ್ಮೆ ನಿಲ್ಲಬೇಕು. ಕುಳಗೇರಿ ಕ್ರಾಸಿನಲ್ಲಿ ಗಾಲಿ ಹಾಕಿಸಿ ವಿಜಯಪುರದ ಕಡೆ ಹೊರಟವರು ಗದ್ದನಕೇರಿ ಕ್ರಾಸಿನಲ್ಲಿ ಚಹಕ್ಕೆ ಇಳಿದಾಗ ನೋಡಲಿ. ಹುಬ್ಬಳ್ಳಿಯ ಕಡೆ ಹೊರಟವರು ನವಲಗುಂದದಲ್ಲಿ ನೋಡಲಿ. ಬಾದಾಮಿಗೆ ಹೊರಳಿದವರು ಪಟ್ಟದಕಲ್ಲಿನಲ್ಲಿ ಗಾಡಿ ನಿಲ್ಲಿಸಿದಾಗ, ಗಾಲಿ ತಣ್ಣಗಾದ ಮೇಲೆ, ಗುಡಿ ನೋಡಿ ಬಂದು ನೋಡಲಿ. ಐದು ನಿಮಿಷ ಸಾಕು. ಬಿಗಿದ ನಟ್ಟಿನಿಂದ ಡಿಸ್ಕಿನವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿಟ್ಟರೆ ನಟ್ಟು ತಿರುಗಿದೆಯೋ ಇಲ್ಲವೋ ಎಂದು ಮುಂದೆ ದಿನವೂ ನೋಡಿದೊಡನೆ ತಿಳಿಯುತ್ತದೆ. ಲಾರಿ ಮಾಲೀಕರು ಇದಕ್ಕಾಗಿಯೇ ಸಿಗುವ ಹಳದಿ ಪ್ಲಾಸ್ಟಿಕ್ ಬಾಣಗಳನ್ನು ನಟ್ಟಿಗೆ ತೊಡಿಸಬಹುದು. ಬಾಣಗಳ ಮೊನೆ ಅತ್ತಿತ್ತ ತಿರುಗಿದ್ದರೆ ದೂರದಿಂದಲೇ ಕಾಣುತ್ತದೆ.

ಓಡಿಸುವಾಗ ಗಾಲಿಯ ಕಡೆಯಿಂದ ವೇಗಕ್ಕೆ ತಕ್ಕಂತೆ ಟಕ್ ಟಕ್ ಸದ್ದು ಬಂದರೆ, ಸ್ಟೇರಿಂಗ್ ಇಲ್ಲವೇ ಸೀಟು ಇದ್ದಕ್ಕಿದ್ದಂತೆ ನಡುಗಿದರೆ, ಆ ಕ್ಷಣವೇ ಬದಿಗೆ ಸರಿದು ನಿಲ್ಲಿ. ಮುಂದಿನ ಊರಿನವರೆಗೆ ಹೋಗೋಣ ಎನ್ನಬೇಡಿ. ನಟ್ಟಿನ ಬುಡದಿಂದ ಕೆಂಪು ತುಕ್ಕಿನ ಗೆರೆಗಳು ಹೊರಟಿದ್ದರೆ, ನಟ್ಟಿನ ಸುತ್ತ ಲೋಹ ಮಿರಿಮಿರಿ ಹೊಳೆಯುತ್ತಿದ್ದರೆ, ಡಿಸ್ಕಿನ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಆ ಗಾಲಿ ಸಡಿಲಾಗಿ ಓಡಿದೆ ಎಂದು ಅರ್ಥ. ಅಂಥದನ್ನು ಮತ್ತೆ ಬಿಗಿದು ಓಡಿಸಬಾರದು. ಡಿಸ್ಕನ್ನೂ ಸ್ಟಡ್ಡುಗಳನ್ನೂ ಬದಲಿಸಬೇಕು. ಒಂದು ಸ್ಟಡ್ ಕಡಿದಿದ್ದರೆ ಅದರ ಎರಡೂ ಪಕ್ಕದವು ಸೋತಿರುತ್ತವೆ, ಅವನ್ನೂ ತೆಗೆಯಬೇಕು.

ಒಂದು ಒಳ್ಳೆಯ ಟಾರ್ಕ್ ರೆಂಚ್ ಮೂರರಿಂದ ಐದು ಸಾವಿರ ರೂಪಾಯಿಗೆ ಸಿಗುತ್ತದೆ. ಲಾರಿಯದಕ್ಕೆ ಹೆಚ್ಚು ಬೀಳುತ್ತದೆ, ಆದರೂ ಒಂದು ಲಾರಿ ಟೈರಿನ ಬೆಲೆ ಅದಕ್ಕಿಂತ ಕಡಿಮೆ ಏನಲ್ಲ. ಹೆದ್ದಾರಿಯ ಪ್ರತಿ ಕ್ರಾಸಿನ ಪಂಚರ್ ಅಂಗಡಿಯಲ್ಲೂ ಅದು ಇರಬೇಕು. ಇಟ್ಟುಕೊಂಡ ಅಂಗಡಿಯವರು ಬೋರ್ಡಿನಲ್ಲಿ ಬರೆದು ತೂಗುಹಾಕಲಿ, ಗಿರಾಕಿ ಹುಡುಕಿಕೊಂಡು ಬರುತ್ತಾನೆ. ಸಕ್ಕರೆ ಕಾರ್ಖಾನೆಗಳು ಹಂಗಾಮು ಶುರುವಾಗುವ ಮುನ್ನ ತಮ್ಮ ಗೇಟಿನಲ್ಲೇ ಟ್ರೇಲರುಗಳ ನಟ್ಟು ನೋಡುವ ವ್ಯವಸ್ಥೆ ಮಾಡಲಿ. ನಮ್ಮ ಐಟಿಐಗಳಲ್ಲಿ ಮೋಟಾರು ಕೆಲಸ ಕಲಿಯುವ ಹುಡುಗರಿಗೆ ಈ ಒಂದು ಅಭ್ಯಾಸವನ್ನು ಕೈಗೆ ಹತ್ತುವವರೆಗೆ ಮಾಡಿಸಲಿ. ಗಾಡಿ ಓಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಗಾಲಿ ಹಾಕುವಾಗ ಪಕ್ಕದಲ್ಲಿ ನಿಂತು, ಹಬ್ ಒರೆಸಿರಿ, ಅಳತೆಗೆ ಬಿಗಿಯಿರಿ ಎಂದು ಕೇಳಿ. ಆಮೇಲೆ ಮುಂದಿನ ಕ್ರಾಸಿನಲ್ಲಿ ಮರೆಯದೆ ನಿಂತು ಇನ್ನೊಮ್ಮೆ ನೋಡಿ. ಆ ಐದು ನಿಮಿಷ ನಿಮ್ಮ ಗಾಡಿಯಲ್ಲಿ ಇರುವವರಿಗೂ ಸಲ್ಲುತ್ತದೆ, ಎದುರಿನಿಂದ ಬರುವವರಿಗೂ ಸಲ್ಲುತ್ತದೆ.